ಹೆಂಡತಿ ಓಡಿಸುತ್ತಾಳೆಂದು ಹೇಳಿ ಕೊಂಡ ಕಾರು

ಆ ಸುಳ್ಳನ್ನು ಹೇಳಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಹಾಡುಹಗಲಲ್ಲಿ. ನನ್ನ ಹೆಂಡತಿ ಕೂಗಳತೆಯಲ್ಲೂ ಅಲ್ಲ, ಕೈಯಳತೆಯಲ್ಲೇ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಾನು ಫೋನನ್ನು ಬಾಯಿಗೆ ಒತ್ತಿ ಹಿಡಿದು, ಮೊರದ ಸದ್ದಿನಲ್ಲಿ ಆಕೆಗೆ ಕೇಳದಷ್ಟು ದನಿ ತಗ್ಗಿಸಿ, "ಓಡಸ್ತಾಳ್ರಿ ಮೇಡಂ, ನಮ್ಮಾಕಿನ ಓಡಸ್ತಾಳ. ಟ್ರ್ಯಾಕ್ಟರ್ ಸೈತ ಓಡಸ್ತಾಳ" ಅಂದೆ. ಆಕೆ ಜನ್ಮದಲ್ಲಿ ಸೈಕಲ್ಲನ್ನೂ ಹತ್ತಿದವಳಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಹೈಸ್ಕೂಲು ಮುಗಿಸಿ ಆ ಕೆಲಸಕ್ಕೆ ಕೂತವನು, ಬೆರಳು ನಡುಗತೊಡಗಿದ ಮೇಲೆ ಅಂಗಡಿಯನ್ನು ಅಕ್ಕನ ಮಗನಿಗೆ ಬಿಟ್ಟು ಎದ್ದೆ. ಆಮೇಲೆ ಹೊತ್ತು ಹೋಗದೆ ಫೋನಿನಲ್ಲಿ ಹಳೇ ಕಾರುಗಳನ್ನು ನೋಡುವ ಚಟ ಹತ್ತಿತು. ಕೊಳ್ಳುವ ಯೋಚನೆ ಇರಲಿಲ್ಲ. ಹಾಗಿರುವಾಗ ಮಂಗಳೂರಿನ ಒಂದು ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಿತ್ತು. ಎರಡೇ ಸೀಟು, ಮಡಚುವ ಚಾವಣಿ, ಕಡುಹಸಿರು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಎರಡು ದಿನ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಹೀಗಾಯಿತೆಂದು ಬರೆಯಲು ನಾಚಿಕೆ, ಆದರೆ ಆದದ್ದು ಹೀಗೇ.

ಮಾರುವವರು ನಿವೃತ್ತ ಡಾಕ್ಟರಮ್ಮ. ಇಷ್ಟು ವರ್ಷ ತಾವೇ ಓಡಿಸಿದವರು, ಕಣ್ಣು ಮಂಜಾಗಿದ್ದಕ್ಕೆ ಮಾರುತ್ತಿದ್ದರು. ಇಂಜಿನ್ ಸದ್ದು ಕೇಳಿಸಿ ಎಂದೆ. ಅವರು ಕಾರು ಚಾಲೂ ಮಾಡಿ, ಹಿಂದೆ ಹೋಗಿ ಸೈಲೆನ್ಸರಿನ ಹತ್ತಿರ ಫೋನು ಹಿಡಿದರು. ಒಂದೇ ಸಮನೆ, ನಿದ್ದೆಯಲ್ಲಿರುವ ಮಗುವಿನ ಉಸಿರಿನ ಹಾಗೆ ಇತ್ತು. ಚೆನ್ನಾಗಿ ಇಟ್ಟುಕೊಂಡ ಗಾಡಿ ಎಂದು ನನಗೆ ಅಷ್ಟರಲ್ಲೇ ಗೊತ್ತಾಯಿತು.

"ಬೆಂಗಳೂರಿನ ಒಬ್ಬ ಹುಡುಗ ಹೆಚ್ಚು ಕೊಡ್ತೇನೆ ಅಂತಿದ್ದಾನೆ," ಎಂದರು ಅವರು. "ನಂಗೆ ಮನಸ್ಸಿಲ್ಲ. ಅವನು ಅದಕ್ಕೆ ಎಂತೆಂತದೋ ಸಿಕ್ಕಿಸಿ ಬೊಬ್ಬೆ ಹೊಡೆಸ್ತಾನೆ. ಒಬ್ಬಳು ಹೆಂಗಸಿನ ಕೈಗೆ ಹೋದ್ರೆ ಸಮಾಧಾನ ಮಾರಾಯ್ರೆ. ನಿಮ್ಮಲ್ಲಿ ಯಾರಾದ್ರೂ ಓಡಿಸ್ತಾರಾ?"

ಆಗ ಹೇಳಿದ್ದೇ ಆ ಮಾತು. ಅವರು ಖುಷಿಯಾಗಿ ನಕ್ಕರು. "ಟ್ರ್ಯಾಕ್ಟರ್ ಸಹ? ಹಾಗಾದ್ರೆ ಕಾರು ಅವರಿಗೇ. ಸ್ವಲ್ಪ ದಿನ ಓಡಿಸ್ಲಿ, ನಾನೇ ಫೋನ್ ಮಾಡಿ ಅವರ ಹತ್ರ ಮಾತಾಡ್ತೇನೆ."

ಊರ ಹೊರಗಿನ ಸೈಟು ಮಾರಿದ ದುಡ್ಡು ಕೊಟ್ಟು ಕಾರು ತರಿಸಿದೆ. ಲಾರಿಯವನು ಅದನ್ನು ಹರಪನಹಳ್ಳಿಯಲ್ಲಿ ಇಳಿಸಿ ಹೋದ. ಅಲ್ಲಿಂದ ಕೊಟ್ಟೂರಿನ ಮೇಲೆ ನಾನೇ ಓಡಿಸಿಕೊಂಡು ಬಂದೆ. ಸುಖವಾಗಿತ್ತು, ಸುಳ್ಳೇಕೆ ಹೇಳಲಿ. ಕೊಟ್ಟೂರಿನ ಹತ್ತಿರ ರಸ್ತೆಯ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಕೂತುಬಿಟ್ಟಿತು. ಚಹದಂಗಡಿಯಿಂದ ನಾಲ್ಕು ಜನ ಎದ್ದು ಬಂದರು.

"ಅಜ್ಜಾ, ನಿನ್ನ ಗಾಡಿ ಕುಂತಬಿಟ್ಟೈತಲ್ಲೋ. ಎಬ್ಬಿಸಿ ನಿಂದ್ರಸು," ಅಂದ ಒಬ್ಬ.

"ಮೊಣಕಾಲು ನೋವಿರಬೇಕು ಬಿಡಲೇ, ಅದೂ ಅಜ್ಜನಷ್ಟ ವಯಸ್ಸಿಂದು," ಅಂದ ಇನ್ನೊಬ್ಬ. ನಗುತ್ತಲೇ ಎತ್ತಿ ದಾಟಿಸಿದರು.

ಮನೆ ಮುಂದೆ ನಿಲ್ಲಿಸಿದಾಗ ಹೆಂಡತಿ ಹೊರಗೆ ಬಂದು ಸುತ್ತ ನೋಡಿದಳು.

"ಇಷ್ಟು ರೊಕ್ಕ ಕೊಟ್ಟು ಎರಡ ಸೀಟಿಂದು ತಂದ್ರ್ಯಾ? ಸಂತಿ ಚೀಲ ಎಲ್ಲಿ ಇಡ್ಲಿ?"

"ನಿನ್ನ ಸಲುವಾಗಿ ತಂದೀನಿ," ಅಂದೆ.

"ನನ್ನ ಸಲುವಾಗಂತ! ನಿಮ್ಮ ಮಾರಿ ಕನ್ನಡ್ಯಾಗ ನೋಡಿಕೊಳ್ರಿ, ಜಾತ್ರ್ಯಾಗ ತುತ್ತೂರಿ ಸಿಕ್ಕ ಹುಡುಗರಂಗ ಆಗೈತಿ."

ಅಂದಿನಿಂದ ಫೋನು ನನ್ನ ಅಂಗಿಯ ಜೇಬು ಬಿಟ್ಟು ಇಳಿಯಲಿಲ್ಲ. ಬಚ್ಚಲಿಗೂ ಒಯ್ಯುತ್ತಿದ್ದೆ. ಡಾಕ್ಟರಮ್ಮ ಮಾಡಿದಾಗ ಅದು ಹೆಂಡತಿಯ ಕೈಗೆ ಸಿಗಬಾರದೆಂಬುದೊಂದೇ ಚಿಂತೆ. ಎರಡು ಸಲ ಅವರು ಮಾಡಿದಾಗ, ಹೆಂಡತಿ ಹೊಲಕ್ಕೆ ಹೋಗಿದ್ದಾಳೆ ಎಂದೆ, ಮದುವೆಗೆ ಹೋಗಿದ್ದಾಳೆ ಎಂದೆ. ಒಂದು ಸುಳ್ಳಿಗೆ ಕಾವಲು ಕೂರುವುದೆಂದರೆ ಏನೆಂದು ಆ ದಿನಗಳಲ್ಲಿ ತಿಳಿಯಿತು.

ಒಂದು ಬೆಳಿಗ್ಗೆ ಫೋನನ್ನು ಚಾರ್ಜಿಗೆ ಹಾಕಿ ಹಿತ್ತಲಿಗೆ ಹೋದೆ. ಒಳಗೆ ಮಾತು ಕೇಳಿಸಿತು. ನನ್ನ ಹೆಂಡತಿ ಫೋನನ್ನು ಕಿವಿಗೆ ಹಿಡಿಯುವುದಿಲ್ಲ. ಸ್ಪೀಕರ್ ಹಾಕಿ, ಅಂಗೈಯಲ್ಲಿ ತಟ್ಟೆಯಂತೆ ಇಟ್ಟುಕೊಂಡು ಮಾತಾಡುತ್ತಾಳೆ. ಬಾಗಿಲಲ್ಲೇ ನಿಂತೆ.

"ಇಲ್ರಿ ಅಕ್ಕಾರ, ನನಗ ಗಾಡಿ ಹೊಡಿಯಾಕ ಬರಾದಿಲ್ಲ," ಅನ್ನುತ್ತಿದ್ದಳು. "ಯಾರು, ನಮ್ಮ ಮನಿಯಾರು ಹೇಳಿದ್ರಾ? ಏನು, ಟ್ರ್ಯಾಕ್ಟರ್ರಾ?" ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಇನ್ನು ಡಾಕ್ಟರಮ್ಮ ಬೈಯುತ್ತಾರೆ, ಕಾರು ವಾಪಸ್ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ. "ಅಮ್ಮ, ಕಲೀಬೇಕು ಅಂತ ನಿಮಗೆ ಯಾವತ್ತೂ ಅನಿಸ್ಲೇ ಇಲ್ವಾ?"

ಹೆಂಡತಿ ನನ್ನಿಂದ ಕಣ್ಣು ತೆಗೆದು ಫೋನನ್ನು ನೋಡಿದಳು.

"ಒಮ್ಮೆ ಕೇಳಿದ್ದೆರಿ. ಆವಾಗ ನಮ್ಮದೊಂದು ಜೀಪ್ ಇತ್ತು. 'ನೀ ಕಲ್ತು ಯಾವೂರಿಗೆ ಹೋಗಬೇಕು' ಅಂದ್ರು. ಅಂಗಡಿ ಹುಡುಗ್ರೆಲ್ಲ ನಕ್ಕರು. ಮತ್ತ ಕೇಳಲಿಲ್ಲ ನಾ."

"ಮತ್ತೆ?"

"ಮತ್ತೇನ್ರಿ. ಒಂದಿನ ನಮ್ಮವ್ವಗ ಆರಾಮಿಲ್ಲಂತ ತವರೂರು ಇಟ್ಟಿಗಿಯಿಂದ ಸುದ್ದಿ ಬಂತು. ಇವರು ಬ್ಯಾರೆಯವರ ಗಾಡ್ಯಾಗ ಕೂಡ್ಲಿಗಿ ಕಡಿ ಮೋಟಾರ್ ಇಳಸಾಕ ಹೋಗಿದ್ರು. ಜೀಪ್ ಮನಿ ಮುಂದ ನಿಂತಿತ್ತು, ಚಾವಿ ಗ್ವಾಡಿ ಮೊಳಿಗೆ ಇತ್ತು. ಚಾವಿ ತಗೊಂಡು ಹೋಗಿ ಜೀಪ್‌ನಾಗ ಕುಂತೆ. ಅದನ್ನ ಎಲ್ಲಿ ಹಾಕಿ ತಿರುವಬೇಕನ್ನೋದೂ ಗೊತ್ತಿರಲಿಲ್ರಿ. ಇಳದು ಬಸ್‌ಸ್ಟ್ಯಾಂಡಿಗೆ ಹೋದೆ. ಹಡಗಲಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಾ ಹೋಗೋದ್ರಾಗ ಅವ್ವಗ ಮಾತು ನಿಂತಿತ್ತು."

ಅತ್ತೆ ತೀರಿಕೊಂಡ ದಿನ ನನಗೆ ಮರೆತಿಲ್ಲ. ಸಂಜೆ ನಾನು ಅದೇ ಜೀಪಿನಲ್ಲಿ ಇಟ್ಟಿಗಿಗೆ ಹೋಗಿದ್ದೆ. ಬಸ್ಸು ತಡವಾಯಿತಂತೆ ಎಂದು ಬಂದವರಿಗೆಲ್ಲ ನಾನೇ ಹೇಳಿದ್ದೆ, ಹಾಗೆಂದು ನಂಬಿಯೂ ಇದ್ದೆ. ನಾನು ಕುಳಿತು ಓಡಿಸಿದ ಸೀಟಿನಲ್ಲಿ ಅಂದು ಬೆಳಿಗ್ಗೆ ಆಕೆ ಚಾವಿ ಹಿಡಿದು ಕುಳಿತು, ಎದ್ದು ಹೋಗಿದ್ದಳೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಹೇಳದೆ ಇಟ್ಟುಕೊಂಡದ್ದನ್ನು ಆಕೆ ಮುಖವನ್ನೂ ಕಾಣದ ಒಬ್ಬ ಹೆಂಗಸಿಗೆ ಹೇಳಿದಳು. ಆಕೆ ಹೇಳಿಕೊಳ್ಳುವಂಥ ಗಂಡನಾಗಿ ನಾನು ಎಂದೂ ಇರಲಿಲ್ಲ.

"ನಾನು ಕಲಿಸ್ತೇನೆ," ಎಂದರು ಡಾಕ್ಟರಮ್ಮ. "ಆ ಕಾರಿನ ಕ್ಲಚ್ ಎಲ್ಲಿ ಹಿಡೀತದೆ ಅಂತ ನನ್ನಷ್ಟು ಗೊತ್ತಿರುವವರು ಯಾರಿದ್ದಾರೆ? ಫೋನಿನಲ್ಲೇ ಕಲಿಸ್ತೇನೆ."

"ಅಯ್ಯ, ಈ ವಯಸ್ಸಿನಾಗ?"

"ನಂಗೆ ನಿಮಗಿಂತ ಹೆಚ್ಚು ವಯಸ್ಸು ಉಂಟು. ಕಲಿಸುವವಳಿಗೇ ಇಲ್ಲದ ನಾಚಿಕೆ ನಿಮಗೆ ಎಂತಕ್ಕೆ?"

ಫೋನು ಇಟ್ಟಮೇಲೆ ನಾನು ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಜೀಪಿನ ತಪ್ಪೆಂದೋ ಕಾರಿನ ತಪ್ಪೆಂದೋ ಬಿಡಿಸಿ ಹೇಳುವ ಧೈರ್ಯ ಬರಲಿಲ್ಲ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಕಾರಿನ ಸುಳ್ಳು ಇರಲಿ. ಟ್ರ್ಯಾಕ್ಟರ್ ಯಾಕ ಸೇರಿಸಿದ್ರಿ?"

"ಬಾಯಿಗೆ ಬಂತು."

"ಬರತೈತಿ, ಬರತೈತಿ. ಇನ್ನ ಸ್ವಲ್ಪ ಬಿಟ್ಟಿದ್ರ ಇಮಾನ ಹಾರಸ್ತಾಳ ಅಂತಿದ್ರಿ."

ತಂಬ್ರಹಳ್ಳಿ ರಸ್ತೆಯಲ್ಲಿ ಹಿಂದೆ ಇಟ್ಟಿಗೆ ಭಟ್ಟಿ ಇದ್ದ ಒಂದು ಜಾಗವಿದೆ. ಕಲ್ಲಿನಂಥ ಸಪಾಟು ನೆಲ, ಸುತ್ತ ಜನರಿಲ್ಲ. ಬೆಳಿಗ್ಗೆ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋದೆ. ಆ ತಗ್ಗು ಸೀಟಿಗೆ ಆಕೆ ಮೊದಲು ಕುಳಿತು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಬೇಕು. ಮುಂದಿನ ಗಾಜಿನಲ್ಲಿ ನೆಲ ಕಾಣಲೆಂದು ಕೆಳಗೆ ತಲೆದಿಂಬು ಇಟ್ಟೆ. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಕಳಚಿ, ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟಳು. ನಾನು ಪಕ್ಕದ ಸೀಟಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಕುಳಿತೆ, ಡಾಕ್ಟರಮ್ಮ ನನ್ನ ತೊಡೆಯ ಮೇಲಿನ ಫೋನಿನಲ್ಲಿ.

ಕಾರು ಒಂದು ಸಲ ಜಿಗಿದು ನಿಂತಿತು. ಮತ್ತೆ ಜಿಗಿಯಿತು, ನಿಂತಿತು. "ಕಾಲು ತೆಗಿಬ್ಯಾಡ ಅಂದ್ನಲ್ಲ! ಏ, ನೋಡಿಕೋ!" ಎಂದು ಕೂಗಿದೆ. ಆಕೆ ಸ್ಟೇರಿಂಗ್ ಬಿಟ್ಟು ಕೈ ಕಟ್ಟಿ ಕುಳಿತಳು.

"ಯಾರದು ಬೊಬ್ಬೆ ಹೊಡಿಯೋದು?" ಎಂದರು ಡಾಕ್ಟರಮ್ಮ. "ನೀವು ಸ್ವಲ್ಪ ಇಳೀರಿ ಮಾರಾಯ್ರೆ."

ಇಳಿಯುವ ಮುಂಚೆ ಫೋನನ್ನು ಬಾಯಿ ಹತ್ತಿರ ತಂದುಕೊಂಡೆ. "ಮೇಡಂ, ನಿಮಗೊಂದು ಮಾತು ಹೇಳಬೇಕಿತ್ತು. ಅವತ್ತು ನಾ ನಿಮಗ ಸುಳ್ಳು..."

"ನಿಮ್ಮದು ಆಮೇಲೆ. ಈಗ ಪಾಠ ನಡೀತಾ ಉಂಟು."

ನನ್ನ ಸೀಟಿನಲ್ಲಿ ಟವೆಲ್ ಸುತ್ತಿ, ಜಾರದ ಹಾಗೆ ಫೋನು ಇಟ್ಟು ಇಳಿದೆ. ಒಂದಿಷ್ಟು ಮುಂದೆ ಹೋಗಿ ನಿಂತು ನೋಡಿದೆ. ಒಳಗಿನಿಂದ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು. "ಮೆಲ್ಲ, ಮೆಲ್ಲ... ಅದು ಸ್ವಲ್ಪ ಅದುರ್ತದೆ, ಆಗ ಅಲ್ಲೇ ಹಿಡೀರಿ." "ಅದರಾಕತ್ತೈತಿ ಅಕ್ಕಾರ." "ಹಾಂ, ಅದೇ. ಈಗ ಬಿಡಿ."

ಕಾರು ಹೊರಟಿತು. ಜಿಗಿಯಲಿಲ್ಲ, ಎತ್ತಿನ ಗಾಡಿಯ ವೇಗದಲ್ಲಿ ನೆಟ್ಟಗೆ ನನ್ನತ್ತಲೇ ಬಂತು. ಗಾಜಿನ ಹಿಂದೆ ಆಕೆಯ ಕಣ್ಣುಗಳು ಇಷ್ಟಗಲ ಅರಳಿದ್ದವು. ಆ ಮುಖವನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಕಣ್ಣು ತುಂಬಿಬಂದು ಅಲ್ಲೇ ನಿಂತುಬಿಟ್ಟಿದ್ದೆ.

"ಅತ್ಲಾಗ ಸರೀರಿ!" ಎಂದು ಒಳಗಿನಿಂದ ಕೂಗಿದಳು. "ನಿಂದ್ರಸೋದು ಇನ್ನಾ ಹೇಳಿಕೊಟ್ಟಿಲ್ಲ ಅಕ್ಕಾರು!"

ನಾನು ದಾರಿ ಬಿಟ್ಟು ಸರಿದು ನಿಂತೆ.