ಅಕ್ಕನ ನೇರಳೆ ನಾಲಿಗೆ

ಅರವತ್ತರ ದಶಕದ ಕೊನೆಯಲ್ಲಿ ನಾವು ನಾಸಿಕದಲ್ಲಿದ್ದೆವು. ಕಲಬುರಗಿ ಕಡೆಯವರಾದ ಅಪ್ಪನಿಗೆ ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಅಕ್ಕನನ್ನು ಔರಂಗಾಬಾದಿನ ಗುಮಾಸ್ತರೊಬ್ಬರಿಗೆ ಕೊಟ್ಟಿದ್ದರು. ಕೀಲುಬೇನೆಯಿಂದ ಅವಳ ಬೆರಳುಗಳು ಮಡಚದಂತಾದಾಗ, ನೆರವಿಗೆಂದು ಹದಿನಾರು ವರ್ಷದ ತಂಗಿ ನನ್ನನ್ನು ಯೇವಲಾ ದಾಟಿ ಹೋಗುವ ಬಸ್ಸು ಹತ್ತಿಸಿದರು.

ಹೋದ ದಿನವೇ ಅವಳ ನಾಲಿಗೆ ನೋಡಿದೆ. ಹಾಲಿನ ಕೆನೆ ಮೆತ್ತಿದಂತೆ ಬೆಳ್ಳಗಿತ್ತು.

"ಬಾಯಿ ಮುಕ್ಕಳಿಸಕ್ಕಾ."

"ಅದು ಹೋಗಂಗಿಲ್ಲವ್ವಾ. ತಿಕ್ಕಿದ್ರ ರಕ್ತ ಬರ್ತದ. ನೀರು ನುಂಗಿದ್ರೂ ಉರೀತದ."

ನೆರೆಯವರು ಉಷ್ಣವೆಂದು ಬೆಣ್ಣೆ ತಿನ್ನಿಸಿದರು. ಕಡಿಮೆಯಾಗಲಿಲ್ಲ. ಕಡೆಗೆ ವೈದ್ಯರು ನೋಡಿ ಮರಾಠಿಯಲ್ಲಿ 'ಬುರಶೀ' ಎಂದರು. ನಮ್ಮ ಮಾತಿನ ಬೂಷ್ಟು. ಎಲ್ಲರ ಬಾಯಲ್ಲೂ ಸುಮ್ಮನೆ ಇರುವಂಥದ್ದೇ ಅದು. ಕೀಲಿನ ಬಾವು ಇಳಿಸುವ ಗುಳಿಗೆಗಳು ರೋಗ ತಡೆಯುವ ಮೈಯ ಕಾವಲನ್ನೂ ಇಳಿಸಿದ್ದರಿಂದ ಎದ್ದು ಕೂತಿದೆ, ಆದರೆ ಗುಳಿಗೆಯನ್ನು ಒಮ್ಮೆಲೇ ಬಿಡುವ ಹಾಗಿಲ್ಲ ಎಂದು ತಿಳಿಹೇಳಿ, ಬಾಯೊಳಗೆ ಹಚ್ಚಲು ನೇರಳೆ ಬಣ್ಣದ ಔಷಧಿ ಕೊಟ್ಟರು.

ತುಟಿ, ಹಲ್ಲು, ನಾಲಿಗೆ ಎಲ್ಲ ನೇರಳೆಯಾಯಿತು. ಅಕ್ಕ ಹೊರಗೆ ಬರುವುದನ್ನೇ ಬಿಟ್ಟಳು. ಗಂಡನೆದುರೂ ಸೆರಗು ಬಾಯಿಗೆ ಹಿಡಿದೇ ಮಾತಾಡುತ್ತಿದ್ದಳು. ಭಾವ ಹೆಚ್ಚು ಮಾತಿನವರಲ್ಲ. ಒಂದು ಬೆಳಿಗ್ಗೆ ನನ್ನ ಕೈಯಿಂದ ಹತ್ತಿ ಇಸಿದುಕೊಂಡು, ತಾವೇ ಹಚ್ಚಿ, ಬಣ್ಣದ ಬೆರಳಲ್ಲೇ ಕಚೇರಿಗೆ ಹೋದರು.

ಸಂಜೆ ಅಕ್ಕ ಕೇಳಿದಳು, "ಮಂದಿ ಏನಂದ್ರು ರೀ?"

"ಏನಿದು ಅಂತ ಕೇಳಿದ್ರು. ಹೆಂಡ್ತಿ ಬಾಯಿಗಿ ಔಷಧ ಹಚ್ಚೀನಿ ಅಂದೆ."

ಅಕ್ಕ ಸೆರಗು ಬಿಟ್ಟು ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

ಮೂರು ವಾರಕ್ಕೆ ಬಿಳಿಪದರ ಹೋಯಿತು. "ಖಾರ ತಿನಬೇಕನಸ್ತದ," ಎಂದಳು. ಜೋಳದ ರೊಟ್ಟಿ, ಕೆಂಪು ಚಟ್ನಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡು ರೊಟ್ಟಿ ತಿಂದಳು.

ನಾನು ನಾಸಿಕಕ್ಕೆ ಮರಳಿದೆ. ಎರಡು ವರ್ಷಗಳಾದ ಮೇಲೆ ದೀಪಾವಳಿಗೆ ಬಾ ಎಂದು ಅಕ್ಕ ಕಾಗದ ಬರೆದಳು. ಪರೀಕ್ಷೆಯ ನೆಪ ಹೇಳಿ, ಸಂಕ್ರಾಂತಿಗೆ ಬರುತ್ತೇನೆಂದು ಉತ್ತರಿಸಿದೆ. ಗುಳಿಗೆ ಇನ್ನೂ ನಡೆದೇ ಇತ್ತು; ಸಂಕ್ರಾಂತಿಯೊಳಗೆ ಬೂಷ್ಟು ಮತ್ತೆ ಎದ್ದು ಈ ಸಲ ಅವಳ ಶ್ವಾಸಕೋಶಕ್ಕೆ ಹಬ್ಬಿತು. ತಂತಿ ಬಂದು ನಾವು ತಲುಪುವಷ್ಟರಲ್ಲಿ ಅಕ್ಕ ಇರಲಿಲ್ಲ.

ಭಾವ ಬಾಗಿಲಲ್ಲೇ ಕೂತಿದ್ದರು. "ನಿನ್ನ ಬಾಳ ನೆನೀತಿದ್ಲವ್ವಾ," ಎಂದರು. ಅಷ್ಟೇ. ಅವಳು ಏನೆಂದು ನೆನೆದಳು ಎಂದು ಕೇಳಬೇಕೆನಿಸಿತು. ಆಗ ಕೇಳಲಿಲ್ಲ, ಆಮೇಲೆ ಕೇಳುವ ಧೈರ್ಯ ಬರಲೇ ಇಲ್ಲ.