ಬೇಲಿಯ ಮೇಲಿನ ಹೀರೆಕಾಯಮ್ಮ

ಮಕ್ಕಳೇ, ಹೋದ ಸಲ ಬಂದಾಗ ನಮ್ಮ ಬೇಲಿಯ ಮೂಲೆಯಲ್ಲಿ ಊದುಬತ್ತಿಯ ಕಡ್ಡಿಗಳನ್ನು ನೋಡಿ, ಇಲ್ಲಿ ಯಾವ ದೇವರಿದೆ ಎಂದು ಕೇಳಿದಿರಿ. ಪಕ್ಕದಲ್ಲಿ ಜನರಿದ್ದರು, ಹೇಳಲು ನಾಚಿಕೆಯಾಯಿತು. ಬರೆಯುವುದಕ್ಕೆ ನಾಚಿಕೆಯಿಲ್ಲ. ಅಲ್ಲಿರುವುದು ಹೀರೆಕಾಯಿ.

ನಮ್ಮ ಹೀರೆ ಅಂಗಡಿಯ ಹೀರೆಯಲ್ಲ. ಗಿಡ್ಡ, ದಪ್ಪ, ನೋಡಲು ಅಷ್ಟೇನೂ ಚೆಂದವಿಲ್ಲ. ಬೇಳೆಯ ಜೊತೆ ಬೆಂದರೆ ಮಾತ್ರ ಪಕ್ಕದ ಮನೆಯವರೂ ಏನು ಸಾರು ಎಂದು ಕೇಳಬೇಕು. ನನ್ನ ಅತ್ತೆ ಮದುವೆಯಾಗಿ ಬರುವಾಗ ಗುಮ್ಮಳಾಪುರದ ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜ ಅದು. "ಒಡವೆ ಹೋದ್ರೆ ಮಾಡಿಸ್ಕೋಬೋದು ಕಣಮ್ಮಿ, ಬೀಜ ಹೋದ್ರೆ ಯಾವ ಅಕ್ಕಸಾಲಿಗ ಮಾಡ್ಕೊಡ್ತಾನೆ?" ಎನ್ನುತ್ತಿದ್ದರು. ಪಾಕೀಟಿನ ಬೀಜವನ್ನೂ ಹಾಕಿ ನೋಡಿದ್ದೇನೆ. ಮೊದಲ ವರ್ಷ ಚಿತ್ರದಲ್ಲಿದ್ದ ಹಾಗೇ ಬಿಡುತ್ತದೆ. ಅದರ ಬೀಜ ತೆಗೆದು ಮಾರನೆಯ ವರ್ಷ ಹಾಕಿದರೆ, ತಾನು ಹೀರೆಯೋ ಸೋರೆಯೋ ಅದಕ್ಕೇ ನೆನಪಿರುವುದಿಲ್ಲ.

ಬಳ್ಳಿಯ ಒಳ್ಳೆಯ ಕಾಯಿ ಬೀಜಕ್ಕೆ, ಮಿಕ್ಕಿದ್ದು ಸಾರಿಗೆ. ಇದು ಅತ್ತೆಯ ಕಟ್ಟಳೆ. ಬೀಜದ ಕಾಯಿಯ ತೊಟ್ಟಿಗೆ ಹಳೆಯ ಸೀರೆಯ ತುಂಡು ಕಟ್ಟಿಬಿಟ್ಟರೆ ಮನೆಯವರು ಯಾರೂ ಕೀಳುತ್ತಿರಲಿಲ್ಲ. ಆದರೆ ಬಾಗಲೂರು ಕಡೆಯ ಹೊಲಗಳೆಲ್ಲ ಸೈಟುಗಳಾದ ಮೇಲೆ ನಮ್ಮ ಬೇಲಿಯ ಮೂಲೆಯೇ ಕಂಪನಿ ವ್ಯಾನು ನಿಲ್ಲುವ ಜಾಗವಾಯಿತು. ವ್ಯಾನಿಗೆ ಕಾಯುವವರ ಕೈ ಸುಮ್ಮನಿರುವುದಿಲ್ಲ. ಒಂದು ವರ್ಷ ಬೀಜದ ಕಾಯಿಯೂ ಯಾರದೋ ಊಟದ ಡಬ್ಬಿ ಸೇರಿತು. ಹೋದ ವರ್ಷ ಮಡಕೆಯ ತಳದಲ್ಲಿ ಉಳಿದಿದ್ದ ಬೀಜವನ್ನೆಲ್ಲ ಹಾಕಿದೆ. ಎದ್ದದ್ದು ಒಂದೇ ಬಳ್ಳಿ. ಅದರ ಬೀಜವೂ ಹೋದರೆ ಅತ್ತೆಯ ಹೀರೆ ಮುಗಿದ ಹಾಗೆ. ಅದಕ್ಕೇ ದೂರದಿಂದಲೂ ಕಾಣಲಿ ಎಂದು ಗಾಢ ಕೆಂಪು ಬಟ್ಟೆ ಕಟ್ಟಿದೆ.

ಮಾರನೆಯ ಬೆಳಿಗ್ಗೆ ಹೊಸ ಬಡಾವಣೆಯ ಒಬ್ಬಾಕೆ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದಳು. ಗಂಡ ಕಾರ್ಖಾನೆಗೆ ಹೋಗುತ್ತಾನೆ, ಗಡಿ ದಾಟಿ ಕರ್ನಾಟಕದಿಂದ ನಮ್ಮ ಕಡೆಗೆ ಬಂದವರು.

"ಹರಕೆ ಅಲ್ವಾ ಅಜ್ಜಿ?"

ನಾನು ಬಾಯಿ ತೆರೆದೆ.

"ಹೇಳ್ಬೇಡಿ, ಹೇಳ್ಬೇಡಿ! ಹೇಳಿದ್ರೆ ಫಲ ಹೋಗುತ್ತೆ. ನಂಗೆಲ್ಲಾ ಗೊತ್ತು."

ಬಾಯಿ ಮುಚ್ಚಿದೆ. ನನಗೆ ಮೊದಲೇ ಮಾತು ಕಡಿಮೆ. ಜೊತೆಗೆ, ಕೈ ಮುಗಿಯುವವರು ಕೀಳುವುದಿಲ್ಲವಲ್ಲ. ಆ ವಾರ ಆಕೆಯ ಗಂಡನ ಕೆಲಸ ಪರ್ಮನೆಂಟ್ ಆಯಿತು. ಆಮೇಲೆ ಕಾಯಿಗೆ ಕುಂಕುಮ ಬಂತು, ನಿಂಬೆಹಣ್ಣು ಬಂತು. ತಮಿಳಿನವರು ಅಮ್ಮನ್ ಎಂದರು, ತೆಲುಗಿನವರು ಗಂಗಮ್ಮ ಎಂದರು. ವ್ಯಾನು ಹೊತ್ತಿಗೆ ಸರಿಯಾಗಿ ಬಂದರೂ ಅವಳ ಮಹಿಮೆ, ತಡವಾದರೆ ಅವಳ ಪರೀಕ್ಷೆ. ಹಿಂದೆ ಕಾಯಿ ಕೀಳುವಾಗ ನನ್ನ ಕಣ್ಣಿಗೆ ಬಿದ್ದಿದ್ದವನೇ ಈಗ ಎಲ್ಲರಿಗಿಂತ ಗಟ್ಟಿಯಾಗಿ ಕೆನ್ನೆ ತಟ್ಟಿಕೊಳ್ಳುತ್ತಿದ್ದ.

ನನ್ನ ವಾರಗಿತ್ತಿ, ಅಂದರೆ ನಿಮ್ಮ ಚಿಕ್ಕಜ್ಜಿ, ಹಸುವಿಗೆ ಹುಲ್ಲು ಕೊಯ್ಯಲು ಬಂದಾಗಲೆಲ್ಲ ಕೆಣಕುತ್ತಿದ್ದಳು. "ಏನಕ್ಕಾ, ಹೀರೆಕಾಯಮ್ಮ ಹೆಂಗವ್ಳೆ? ನಿನ್ನ ಪೂಜಾರಿ ಮಾಡವ್ರಂತೆ, ಒಸಿ ಸಾಮಾನ್ಯರ್ ಜೊತೇನೂ ಮಾತಾಡು!"

ಕಾಯಿ ಒಣಗಿ ಅಲ್ಲಾಡಿಸಿದರೆ ಗಲಗಲ ಎನ್ನುವಷ್ಟರಲ್ಲಿ ಸೋನೆ ಹಿಡಿಯಿತು. ಹಾಗೇ ಬಿಟ್ಟರೆ ಕೊಳೆಯುತ್ತದೆ. ಎಲ್ಲರ ಮುಂದೆ ದೇವಿಯನ್ನು ಕೊಯ್ಯಲು ನನಗೆ ಧೈರ್ಯವಿಲ್ಲ. ವಾರಗಿತ್ತಿ ಕುಡುಗೋಲು ತಂದು, "ಅಮ್ಮಂಗೆ ತವರಿಗೆ ಹೋಗೋ ಟೈಮಾಯ್ತು" ಎಂದು ತೊಟ್ಟು ಕತ್ತರಿಸಿದಳು. ಬಡಾವಣೆಯಾಕೆ ಪ್ರಸಾದವೆಂದು ಕೈಯೊಡ್ಡಿದಳು. ಒಂದು ಹಿಡಿ ಬೀಜ ಕೊಟ್ಟೆ. ಮಳೆಗೆ ಹಾಕಮ್ಮ ಎಂದೆ. "ಛೇ, ಮಣ್ಣಿಗಾ?" ಎಂದು ಕಣ್ಣಿಗೊತ್ತಿಕೊಂಡು ಹೋದಳು.

ನನ್ನ ಪಾಲಿನ ಬೀಜಕ್ಕೆ ತೇವ ತಾಗಿತ್ತು. ಇನ್ನೂ ಎರಡು ಬಿಸಿಲು ಕಾಯಬೇಕು, ಆಮೇಲೆ ಬೂದಿ ಬೆರೆಸಿ ಮಡಕೆಗೆ ಎಂದುಕೊಂಡಿದ್ದೆ. ಅಷ್ಟರಲ್ಲಿ ನಿಮ್ಮ ಅಪ್ಪ ಗಾಳಿಯೇ ಆಡದ ಡಬ್ಬಿ ತಂದ.

"ಇದ್ರೊಳಗೆ ಏನೂ ಹೋಗಲ್ಲವ್ವ, ಹುಳಾನೂ ಹೋಗಲ್ಲ" ಎಂದು ತಾನೇ ತುಂಬಿ ಮುಚ್ಚಿದ. ನಿಜ, ಏನೂ ಹೋಗಲಿಲ್ಲ. ಒಳಗಿದ್ದ ತೇವವೂ ಹೊರಗೆ ಹೋಗಲಿಲ್ಲ. ಈ ವರ್ಷ ಬಿತ್ತಲು ತೆರೆದರೆ ಬೀಜವೆಲ್ಲ ಬಿಳಿ ಬೂಷ್ಟು.

ಉಳಿದಿದ್ದರೆ ಬಡಾವಣೆಯಾಕೆಗೆ ಕೊಟ್ಟ ಆ ಒಂದು ಹಿಡಿಯೇ. ಸಂಜೆ ವಾರಗಿತ್ತಿಯನ್ನು ಜೊತೆಗೆ ಕರೆದುಕೊಂಡು ಆಕೆಯ ಮನೆಗೆ ಹೋದೆ. ದೇವರ ಗೂಡಿನಲ್ಲಿ, ದಿನವೂ ಹಚ್ಚುವ ದೀಪದ ಪಕ್ಕ, ವಿಭೂತಿ ತುಂಬಿದ ಬಟ್ಟಲಿನಲ್ಲಿ ಬೀಜ ಕರ್ರಗೆ ಹೊಳೆಯುತ್ತಿತ್ತು. ಅತ್ತೆ ಒಲೆಯ ಬೂದಿ ಹಾಕುತ್ತಿದ್ದರು, ಈಕೆ ವಿಭೂತಿ ಹಾಕಿದ್ದಳು. ಬೀಜಕ್ಕೆ ಆ ಭೇದವೆಲ್ಲ ಇಲ್ಲ.

"ಪ್ರಸಾದ ವಾಪಸ್ ಕೊಟ್ರೆ ದೇವಿ ಮನೆ ಬಿಟ್ಟು ಹೋಗ್ತಾಳಜ್ಜಿ" ಎಂದಳು.

ಇನ್ನು ನಾಚಿಕೊಂಡರೆ ಆಗದು ಎಂದು ನಿಜ ಹೇಳಿದೆ. "ಅದು ದೇವ್ರಲ್ಲಮ್ಮ. ಹೀರೆಕಾಯಿ. ನಾವು ಸಾರು ಮಾಡ್ತೀವಿ."

"ದೊಡ್ಡೋರು ನೀವು, ಹಿಂಗೇ ಮರೆಮಾಚಿ ಮಾತಾಡ್ತೀರ" ಎಂದು ಆಕೆ ನನ್ನ ಕಾಲಿಗೇ ಬಿದ್ದಳು.

ವಾರಗಿತ್ತಿ ಸೆರಗು ಬಾಯಿಗಿಟ್ಟು ನಗು ನುಂಗುತ್ತಿದ್ದಳು. ನಿಜಕ್ಕೆ ಬೆಲೆಯಿಲ್ಲವೆಂದು ಆಗ ತಿಳಿಯಿತು. ಮೆಲ್ಲಗೆ ಅಂದೆ: "ಅವ್ಳಿಗೆ ಮಣ್ಣು ಬೇಕಂತೆ."

"ಕನಸಲ್ಲಿ ಬಂದಿದ್ಲಾ?"

ನಾನು ಸುಮ್ಮನೆ ತಲೆ ತಗ್ಗಿಸಿದೆ. ಮರುದಿನ ಆಕೆ ಬಟ್ಟಲು ಸಮೇತ ಬಂದಳು. ತೆಂಗಿನಕಾಯಿ ಒಡೆದು ಬಿತ್ತಿದ್ದಾಯಿತು.

ಈಗ ಬಳ್ಳಿ ಬೇಲಿ ತುಂಬಾ ಹಬ್ಬಿದೆ. ಒಳ್ಳೆಯ ಕಾಯಿ ನೋಡಿ ಕೆಂಪು ಬಟ್ಟೆ ಕಟ್ಟಿದ್ದೇನೆ. ಬೂದಿಯ ಮಡಕೆಯನ್ನೂ ತೊಳೆದು ಒಣಗಿಸಿದ್ದೇನೆ. ಡಬ್ಬಿಯಲ್ಲಿ ನಿಮ್ಮ ಅಪ್ಪನಿಗೆ ಚಕ್ಕುಲಿ ಹಾಕಿಟ್ಟಿದ್ದೇನೆ. ಮುಂದಿನ ಸಲ ಬಂದಾಗ ಬೇಲಿಯ ಹತ್ತಿರ ನಿಮಗೆ ಬೇಕಾದರೆ ಕೈ ಮುಗಿಯಿರಿ, ನಾನೇನೂ ಅನ್ನುವುದಿಲ್ಲ. ಕೀಳಬೇಡಿ, ಅಷ್ಟೇ.