ಅಕ್ಕನ ಬಲಗೈ

ನಾನು ಚಿಕ್ಕವನಿದ್ದಾಗ ಬನಹಟ್ಟಿಯ ನಮ್ಮ ಮನೆಯಲ್ಲಿ ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ಆಗ ನಮ್ಮೂರು ಮುಂಬೈ ರಾಜ್ಯದಲ್ಲಿತ್ತು. ಅಪ್ಪ ಬೆಳಗಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಅಕ್ಕ ರಾಟಿ ತಿರುಗಿಸಿ, ಅಪ್ಪನ ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತುತ್ತಿದ್ದಳು. ಬಲಗೈ ರಾಟಿಯ ಹಿಡಿಕೆಯ ಮೇಲೆ, ಎಡಗೈಯಲ್ಲಿ ನೂಲು. ಮನೆ ತುಂಬ ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆ. ನಾನು ಮಾತ್ರ ಕಣ್ಣು ತಪ್ಪಿಸಿ ಗೋಲಿ ಆಡಲು ಓಡುತ್ತಿದ್ದೆ.

ನಮ್ಮ ಓಣಿಯಲ್ಲಿ ಹೈಸ್ಕೂಲಿಗೆ ಹೋದ ಹುಡುಗಿ ಅಕ್ಕ ಒಬ್ಬಳೇ. ಹಿಂದಿನ ವರ್ಷ ವಿಜ್ಞಾನದಲ್ಲಿ ನಪಾಸಾಗಿದ್ದಳು. "ಈ ಸಲಾನೂ ನಪಾಸಾದ್ರ ಸಾಲಿ ಸಾಕವ್ವ," ಎಂದು ಅಪ್ಪ ಹೇಳಿಬಿಟ್ಟಿದ್ದ. ನಾನು ಹೇಳುತ್ತಿರುವ ದಿನದ ಮರುದಿನವೇ ಆ ಪರೀಕ್ಷೆ. ಪುಸ್ತಕ ತೊಡೆಯ ಮೇಲೆ, ರಾಟಿ ಮುಂದೆ.

ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಸುತ್ತ ಕಾಂತಬಲ ಹುಟ್ಟುತ್ತದೆ. ತಂತಿಯನ್ನು ಬಲಗೈಯಲ್ಲಿ ಹಿಡಿದಂತೆ ಮಾಡಿ, ಹೆಬ್ಬೆರಳನ್ನು ವಿದ್ಯುತ್ ಹರಿಯುವ ಕಡೆ ಚಾಚಿದರೆ, ಮಡಚಿದ ಬೆರಳುಗಳು ಆ ಬಲ ಸುತ್ತುವ ದಿಕ್ಕು ತೋರಿಸುತ್ತವೆ. ತಂತಿಯ ಕೆಳಗೆ ದಿಕ್ಸೂಚಿ ಇಟ್ಟರೆ, ಅಲ್ಲಿ ಬೆರಳು ಸುತ್ತುವ ಕಡೆಗೇ ಅದರ ಮುಳ್ಳಿನ ಉತ್ತರದ ತುದಿ ಹೊರಳುತ್ತದೆ. ಅಕ್ಕ ಕೈಯಲ್ಲಿದ್ದ ನೂಲನ್ನೇ ತಂತಿ ಎಂದುಕೊಂಡು ಇದನ್ನು ಕಲಿತಿದ್ದಳು. ಎಂಥ ಜಾಣೆ ನೋಡಿ!

ಮಾಸ್ತರರಿಂದ ಒಂದು ದಿಕ್ಸೂಚಿಯನ್ನೂ ಕೇಳಿ ತಂದಿದ್ದಳು. ನಾನು ಅಪ್ಪನ ಟಾರ್ಚಿನ ಸೆಲ್ಲು ಕದ್ದು ತಂದೆ. ದಿಕ್ಸೂಚಿಯ ಮುಳ್ಳಿನ ಮೇಲೆ, ಅದರ ಉದ್ದಕ್ಕೆ, ತಾಮ್ರದ ತಂತಿ ಹಿಡಿದೆ. ವಿದ್ಯುತ್ತು ಉತ್ತರಕ್ಕೆ ಹರಿಯಬೇಕು. ನಮಗೆ ಪೂರ್ವವೆಂದರೆ ಜಮಖಂಡಿ, ಪಶ್ಚಿಮವೆಂದರೆ ತೇರದಾಳ. ಅಕ್ಕ ರಾಟಿ ನಿಲ್ಲಿಸದೆ, ನೂಲಿನ ಕೈ ಮುಷ್ಟಿ ಮಾಡಿ, ಹೆಬ್ಬೆರಳನ್ನು ಉತ್ತರಕ್ಕೆ ಚಾಚಿ, "ನೋಡ್ತಿರು, ಮುಳ್ಳಿನ ಉತ್ತರದ ತುದಿ ಜಮಖಂಡಿ ಕಡೆ ಹೊಳ್ಳತೈತಿ," ಎಂದಳು.

ತಂತಿ ಮುಟ್ಟಿಸಿದೆ. ಮುಳ್ಳು ತೇರದಾಳದ ಕಡೆ ಹೊರಳಿತು.

"ಲೇ, ಸೆಲ್ಲು ಉಲ್ಟಾ ಹಿಡದಿಯೇನೋ?"

ನನಗೆ ಸಿಟ್ಟೇ ಬಂತು. ನಾಲ್ಕು ಸಲ ಮಾಡಿದೆವು. ನಾಲ್ಕೂ ಸಲ ತೇರದಾಳವೇ. ಅಕ್ಕನ ಕಣ್ಣು ತುಂಬಿ ಬಂದವು. ನಾನು ಅವಳ ಮುಷ್ಟಿಯನ್ನೇ ನೋಡಿದೆ.

"ಅಕ್ಕಾ, ಪುಸ್ತಕದಾಗ ಬಲಗೈ ಅಂತ ಐತಿ. ನೀ ಎಡಗೈಲೆ ನೋಡಾಕತ್ತಿ."

"ಬಲಗೈ ರಾಟಿ ಮ್ಯಾಲ ಐತಲ್ಲೋ..." ಎಂದವಳು ತನ್ನ ಎರಡೂ ಕೈ ನೋಡಿಕೊಂಡಳು. ಪಾಪ, ವರ್ಷವಿಡೀ ನೂಲು ಹಿಡಿದ ಕೈಯಲ್ಲೇ ಕಲಿತಿದ್ದಳು.

ಮಗ್ಗದ ಸದ್ದು ನಿಂತಿತು. ಅಪ್ಪ ಕುಣಿಯಿಂದ ಎದ್ದು ಬಂದ. ಸೆಲ್ಲಿನ ಕಳವು ಸಿಕ್ಕಿತೆಂದು ನನ್ನ ಜೀವವೇ ಹಾರಿತು. ಅಪ್ಪ ನನ್ನ ಕಡೆ ನೋಡಲೇ ಇಲ್ಲ.

"ಏಳವ್ವ. ಕಂಡಿಕಿ ನಾ ಸುತ್ತಕೋತೀನಿ. ನೀ ನಿನ್ನ ಬಲಗೈ ತಗೊಂಡು ಓದು."

ನಮ್ಮ ಓಣಿಯಲ್ಲಿ ರಾಟಿ ಹೆಂಗಸರು, ಮಕ್ಕಳ ಕೆಲಸ. ದೊಡ್ಡ ಗಂಡಸರು ಅದರ ಮುಂದೆ ಕೂತದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಲ್ಲಿ ಇಣುಕಿದವರು ನಕ್ಕರು. ಅಪ್ಪ ತಲೆ ಎತ್ತದೆ ಸಂಜೆವರೆಗೆ ತಿರುಗಿಸಿದ. ಅಕ್ಕ ಬಲಗೈ ಚಾಚಿ "ತೇರದಾಳ!" ಎಂದಳು, ಮುಳ್ಳೂ ಹಾಗೇ ಹೊರಳಿತು. ಆ ವರ್ಷ ಪಾಸಾದಳು.

ಮಕ್ಕಳೇ, ನೀವು ಮೇಜಿನ ಮುಂದೆ ಕೂತು ಇದೇ ನಿಯಮ ಓದುತ್ತೀರಿ. ಇದೇ ಕಾಂತಬಲದಿಂದ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ನಿಮ್ಮ ಎರಡೂ ಕೈ ನಿಮ್ಮವೇ. ಅಕ್ಕನಿಗೆ ಅವಳ ಬಲಗೈ ಸಿಕ್ಕದ್ದು ಅಪ್ಪ ಮಗ್ಗ ಬಿಟ್ಟು ಎದ್ದ ಆ ದಿನ.